ನಿದ್ದೆಗೆಂದು ಹಿಡಿದ ಕ್ವಾರ್ಟರ್, ಟೆನ್ಶನ್ನಿಗೆಂದು ಹಚ್ಚಿದ ಸಿಗರೇಟು

ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ಈ ಸಲ ಬಂದ ಪತ್ರಗಳ ಪೈಕಿ ಐದನ್ನು ಉತ್ತರಕ್ಕೆ ಆರಿಸಿಕೊಂಡಿದ್ದೇನೆ. ಬರೆದವರ ಊರು, ವಯಸ್ಸು, ಕಸುಬು ಬೇರೆ ಬೇರೆಯಾದರೂ ‘ಟೆನ್ಶನ್’ ಎಂಬ ಪದ ಐದರಲ್ಲೂ ಒಂದಿಲ್ಲೊಂದು ಕಡೆ ಬಂದಿದೆ. ಬರೆದವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ 41 ವರ್ಷ. ಸಾಲ ವಸೂಲಿ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದಾರೆ. ತಿಂಗಳ ಕೊನೆ ಬಂತೆಂದರೆ ಟಾರ್ಗೆಟ್ಟಿನ ಟೆನ್ಶನ್, ರಾತ್ರಿ ಹತ್ತು ಗಂಟೆಯವರೆಗೂ ಮೇಲಿನವರ ಫೋನು. ನಿದ್ದೆ ಬರುವುದಿಲ್ಲವೆಂದು ಮೂರು ವರ್ಷಗಳ ಹಿಂದೆ ಕುಡಿಯಲು ಶುರು ಮಾಡಿದರು. ಮೊದಲು ನೈಂಟಿ ಇದ್ದದ್ದು ಈಗ ದಿನವೂ ಒಂದು ಕ್ವಾರ್ಟರ್ ಆಗಿದೆ. ಗಲಾಟೆ ಮಾಡುವವರಲ್ಲ, ಊಟ ಮಾಡಿ ಸುಮ್ಮನೆ ಮಲಗುತ್ತಾರೆ. ಆದರೆ ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಾರೆ, ಬೆವರುತ್ತಾರೆ, ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾರೆ. ಬಿಪಿ 150/100 ಇದೆ. ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿಯೊಂದರ ಜಾಹೀರಾತು ನೋಡಿದೆ. ಹಾಕಬಹುದೇ?
— ಗೃಹಿಣಿ, ದಾವಣಗೆರೆ

ಉತ್ತರ: ಹಾಕಬೇಡಿ, ತಾಯಿ. ಇಂತಹ ಪುಡಿಗಳಲ್ಲಿ ಏನಿದೆಯೆಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಅದರಲ್ಲಿ ಡೈಸಲ್ಫಿರಾಂ ಎಂಬ ಔಷಧಿ ಇದ್ದರೆ ಅಪಾಯ ದೊಡ್ಡದು. ಮದ್ಯವು ದೇಹದಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಆರೋಗ್ಯವಂತ ಲಿವರ್ ಅದನ್ನು ಕೂಡಲೇ ಮುಂದಿನ ಹಂತಕ್ಕೆ ಸಾಗಿಸುತ್ತದೆ. ಡೈಸಲ್ಫಿರಾಂ ಆ ದಾರಿಯನ್ನು ಮುಚ್ಚಿಬಿಡುವುದರಿಂದ, ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ಅಥವಾ ಲಿವರ್ ಮೊದಲೇ ಬಳಲಿದ್ದವರ ಜೀವವೇ ಹೋಗಬಹುದು. ಇದು ನಾವೂ ಬಳಸುವ ಔಷಧಿಯೇ. ಆದರೆ ರೋಗಿಗೆ ಎಲ್ಲವನ್ನೂ ತಿಳಿಸಿ, ಅವರ ಒಪ್ಪಿಗೆ ಪಡೆದು, ರಕ್ತಪರೀಕ್ಷೆ ಮಾಡಿಸಿದ ಮೇಲೆ ಮಾತ್ರ ಕೊಡುತ್ತೇವೆ. ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿದಿರಬಹುದು ಎಂಬುದನ್ನು ಅವರಿಗೆ ಹೇಳಲೇಬೇಕು. ಸಾರಿನಲ್ಲಿ ಕದ್ದು ಬೆರೆಸಿದ್ದು ಎಂದಾದರೂ ಗೊತ್ತಾದ ದಿನ ಆ ಮನೆಯಲ್ಲಿ ಗಂಡ ಹೆಂಡತಿ ಕೊಟ್ಟ ಅನ್ನವನ್ನು ನಂಬುವುದಿಲ್ಲ. ಅಂತಹ ದಂಪತಿಗಳು ನನ್ನೆದುರು ಕುಳಿತಿದ್ದಾರೆ, ಆದ್ದರಿಂದ ಈ ಮಾತು ಹೇಳುತ್ತಿದ್ದೇನೆ.

ಈಗ ಕ್ವಾರ್ಟರಿನ ವಿಚಾರ. “ಗಲಾಟೆ ಮಾಡುವವರಲ್ಲ” ಎಂದು ಬರೆದಿದ್ದೀರಿ. ನಮ್ಮಲ್ಲಿ ಕುಡಿತವನ್ನು ಅಳೆಯುವುದು ಸದ್ದಿನಿಂದ: ಬೀದಿಯಲ್ಲಿ ಬಿದ್ದವನು ಕುಡುಕ, ಮನೆಯಲ್ಲಿ ಸದ್ದಿಲ್ಲದೆ ಮಲಗಿದವನು ಸಂಭಾವಿತ. ಲಿವರಿಗೆ ಈ ಭೇದ ತಿಳಿಯದು. 42.8 ಶೇಕಡಾ ಮದ್ಯಸಾರವಿರುವ ವಿಸ್ಕಿಯ ಒಂದು ಕ್ವಾರ್ಟರಿನಲ್ಲಿ, ಅಂದರೆ 180 ಮಿಲಿಲೀಟರಿನಲ್ಲಿ, ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಲಿವರ್ ಗಂಟೆಗೆ ಹೆಚ್ಚೆಂದರೆ 7ರಿಂದ 10 ಗ್ರಾಂ ಕರಗಿಸಬಲ್ಲುದು. ಅಂದರೆ ಒಂಬತ್ತು ಗಂಟೆಗೆ ಕುಡಿದದ್ದು ಮರುದಿನ ಬೆಳಿಗ್ಗೆ ಅವರು ಬೈಕ್ ಹತ್ತುವ ಹೊತ್ತಿಗೆ ಪೂರ್ತಿ ಇಳಿದಿರುತ್ತದೆಂಬ ಖಾತರಿಯಿಲ್ಲ.

ಬೆಳಗಿನ ಜಾವ ಮೂರಕ್ಕೆ ಏಳುವುದು ಕಾಕತಾಳೀಯವಲ್ಲ. ಮದ್ಯವು ಮಿದುಳನ್ನು ತಣ್ಣಗಾಗಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಬಲ ಕೊಟ್ಟು, ಕೆರಳಿಸುವ ಗ್ಲುಟಮೇಟನ್ನು ಅದುಮುತ್ತದೆ. ಆದ್ದರಿಂದಲೇ ಬೇಗ ನಿದ್ದೆ ಹತ್ತುತ್ತದೆ. ದಿನವೂ ಹೀಗಾದರೆ ಮಿದುಳು ಸುಮ್ಮನಿರದೆ ತನ್ನ ಕಡೆಯಿಂದ ಕೆರಳಿಸುವ ವ್ಯವಸ್ಥೆಯನ್ನು ಬಲಪಡಿಸಿಕೊಳ್ಳುತ್ತದೆ. ನಡುರಾತ್ರಿಯ ನಂತರ ರಕ್ತದಲ್ಲಿ ಮದ್ಯ ಇಳಿಯತೊಡಗಿದಾಗ, ಅದುಮಿಟ್ಟದ್ದೆಲ್ಲ ಒಮ್ಮೆಲೇ ಮೇಲೇಳುವುದರಿಂದ ಎಚ್ಚರ, ಬೆವರು, ಎದೆಬಡಿತ ಮತ್ತು ಕಾರಣವಿಲ್ಲದ ಭಯ ಒಟ್ಟಿಗೆ ಬರುತ್ತವೆ. ತಮ್ಮ ಯಜಮಾನರು ಅದನ್ನು ಕೆಲಸದ ಟೆನ್ಶನ್ ಎಂದು ತಿಳಿದಿದ್ದಾರೆ. ಅದರಲ್ಲಿ ಅರ್ಧದಷ್ಟಾದರೂ ಹಿಂದಿನ ರಾತ್ರಿಯ ಬಾಟಲಿ ಹುಟ್ಟಿಸಿದ ಟೆನ್ಶನ್ ಎಂಬುದು ನನ್ನ ಅಂದಾಜು. ಅದನ್ನು ಇಳಿಸಲು ಮತ್ತೆ ಸಂಜೆಯ ಬಾಟಲಿಯೇ ಬೇಕಾಗುತ್ತದೆ.

ಹಾಗೆಂದು ಕೆಲಸದ ಒತ್ತಡ ಸುಳ್ಳೆಂದಲ್ಲ. ನಮ್ಮ ದೇಹದ ಒತ್ತಡದ ವ್ಯವಸ್ಥೆ ಇರುವುದು ಅಲ್ಪಕಾಲದ ಅಪಾಯಕ್ಕೆ. ಹಾವು ಕಂಡರೆ ಅಡ್ರಿನಲಿನ್ ಉಕ್ಕಿ ಹೃದಯ ಓಡುತ್ತದೆ, ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸಕ್ಕರೆ ಸುರಿಯುತ್ತದೆ, ಹಾವು ಹೋದ ಮೇಲೆ ಎಲ್ಲವೂ ಇಳಿಯುತ್ತದೆ. ವಸೂಲಿಯ ಫೋನು ಹಾವಿನಂತೆ ಹೋಗುವುದಿಲ್ಲ. ಸಹಜವಾಗಿ ಕಾರ್ಟಿಸಾಲ್ ಬೆಳಿಗ್ಗೆ ಏಳುವ ಹೊತ್ತಿಗೆ ಏರಿ ರಾತ್ರಿಯ ಹೊತ್ತಿಗೆ ತೀರ ತಗ್ಗಬೇಕು. ರಾತ್ರಿ ಹತ್ತರವರೆಗೂ ಬೈಗುಳ ಕೇಳುವವನಲ್ಲಿ ಅದು ತಗ್ಗುವುದೇ ಇಲ್ಲ. ತಿಂಗಳುಗಟ್ಟಲೆ ಹೀಗಾದಾಗ ರಕ್ತದೊತ್ತಡ ಏರಿದಲ್ಲೇ ನಿಲ್ಲುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆಯ ಕಡೆಗೆ ದೇಹ ವಾಲುತ್ತದೆ, ಸಣ್ಣಪುಟ್ಟ ಸೋಂಕು ಬೇಗ ತಗಲುತ್ತದೆ, ಹೇಳಿದ ಮಾತು ನೆನಪಿನಲ್ಲಿ ನಿಲ್ಲುವುದಿಲ್ಲ. ದಿನನಿತ್ಯದ ಕುಡಿತವೂ ಇದೇ ರಕ್ತದೊತ್ತಡವನ್ನು ಇನ್ನೊಂದು ಕಡೆಯಿಂದ ಏರಿಸುತ್ತದೆ. ಹಾಗಾಗಿ ಬಿಪಿ ಗುಳಿಗೆಯನ್ನಷ್ಟೇ ಹೆಚ್ಚಿಸುತ್ತ ಹೋಗುವ ಮೊದಲು, ಬಿಪಿ ನೋಡುವ ವೈದ್ಯರಿಗೆ ಕ್ವಾರ್ಟರಿನ ವಿಷಯವನ್ನು ತಪ್ಪದೆ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಡುವ ಈ ಒಂದು ಮಾತಿನಿಂದ ಎಷ್ಟೋ ಚಿಕಿತ್ಸೆಗಳು ದಾರಿ ತಪ್ಪುತ್ತವೆ.

“ನಾಳೆಯಿಂದಲೇ ಬಿಡಿ” ಎಂದು ಹಟ ಹಿಡಿಯಬೇಡಿ. ಮೂರು ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಅಥವಾ ತಾವು ನಂಬುವ ಯಾವುದೇ ಮನೋವೈದ್ಯರ ಬಳಿ ಹೋದರೆ, ನಡುಕ ಮತ್ತು ಫಿಟ್ಸ್ ತಡೆಯುವ ಗುಳಿಗೆಯನ್ನು ಒಂದು ವಾರದ ಆಸುಪಾಸು ಕೊಟ್ಟು ಇಳಿಸುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್, ಕೊಡುತ್ತಾರೆ. ಕುಡಿಯುವವರಲ್ಲಿ ಇದರ ಕೊರತೆ ಸಾಮಾನ್ಯ. ಕೊರತೆ ತೀವ್ರವಾದರೆ ನೆನಪಿನ ಶಕ್ತಿಯೇ ಮರಳದಂತೆ ಹೋಗಬಹುದು. ಆನಂತರ ಕುಡಿಯುವ ಸೆಳೆತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಔಷಧಿಗಳಿವೆ.

ಅವರೊಡನೆ ಮಾತನಾಡುವುದಾದರೆ ರಾತ್ರಿ ಬೇಡ. ಬೆಳಿಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ, “ನೀವು ಕುಡಿಯುತ್ತೀರಿ” ಎಂದು ಆರಂಭಿಸದೆ “ಮೂರು ಗಂಟೆಗೆ ಎದ್ದು ಕೂರುವುದನ್ನು ನನ್ನಿಂದ ನೋಡಲಾಗುತ್ತಿಲ್ಲ, ನಿದ್ದೆಗೆ ಒಬ್ಬ ಡಾಕ್ಟರನ್ನು ಕೇಳೋಣ” ಎಂದು ಆರಂಭಿಸಿ. ನಿದ್ದೆಗಾಗಿ ಆಸ್ಪತ್ರೆಗೆ ಬರಲು ಗಂಡಸರು ಒಪ್ಪುತ್ತಾರೆ, ಕುಡಿತಕ್ಕಾಗಿ ಒಪ್ಪುವುದಿಲ್ಲ. ಬಾಗಿಲು ಯಾವುದಾದರೇನು, ಒಳಗೆ ಬಂದರಾಯಿತು. ಅವರು ಒಪ್ಪದಿದ್ದರೆ ತಾವೊಬ್ಬರೇ ಹೋಗಬಹುದು. 14416ಕ್ಕೆ, ಅಂದರೆ ಟೆಲಿ ಮನಸ್ ಸಹಾಯವಾಣಿಗೆ, ಹಗಲುರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ, ಹಣ ಕೊಡಬೇಕಾಗಿಲ್ಲ.

ಪ್ರಶ್ನೆ: ನನ್ನ ತಂದೆ ಗಾರೆ ಕೆಲಸ ಮಾಡುತ್ತಾರೆ. ಸಾಲದ ಟೆನ್ಶನ್ ಎಂದು ದಿನವೂ ಕುಡಿಯುತ್ತಾರೆ. ಆದರೆ ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕಿದಾಗ 48 ದಿನ ಒಂದು ತೊಟ್ಟೂ ಮುಟ್ಟುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನ ಸಂಜೆಯೇ ಮತ್ತೆ ಶುರು. ಕುಡಿತ ಒಂದು ಕಾಯಿಲೆ ಎಂದು ನೀವು ಬರೆಯುತ್ತೀರಿ. ಕಾಯಿಲೆಯಾಗಿದ್ದರೆ 48 ದಿನ ಹೇಗೆ ಬಿಡುತ್ತಾರೆ? ಇದು ಬರೀ ಮನಸ್ಸಿಲ್ಲದ್ದಲ್ಲವೇ? ಮತ್ತೊಂದು ವಿಷಯ: ಹೋದ ವರ್ಷ ಮಾಲೆ ಹಾಕಿದ ಮೂರನೆಯ ರಾತ್ರಿ ಅವರು ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಾಡಿದರು. ಮೈಮೇಲೆ ಏನೋ ಬಂದಿದೆ ಎಂದು ಅಜ್ಜಿ ತಾಯಿತ ಕಟ್ಟಿಸಿದರು.
— ಪದವಿ ವಿದ್ಯಾರ್ಥಿ, ತುಮಕೂರು ಜಿಲ್ಲೆ

ಉತ್ತರ: ಎರಡನೆಯದನ್ನು ಮೊದಲು ಹೇಳಬೇಕು, ಏಕೆಂದರೆ ಅದು ಜೀವದ ಪ್ರಶ್ನೆ. ನಿಮ್ಮ ತಂದೆಯ ಮೇಲೆ ಬಂದದ್ದು ದೇವರೂ ಅಲ್ಲ, ಗಾಳಿಯೂ ಅಲ್ಲ. ಕುಡಿತ ಒಮ್ಮೆಲೇ ನಿಂತಾಗ ಬರುವ ಸನ್ನಿ. ಕೊನೆಯ ಬಾರಿ ಕುಡಿದು ಆರೆಂಟು ಗಂಟೆಗಳಲ್ಲಿ ಕೈ ನಡುಕ, ಓಕರಿಕೆ ಶುರುವಾಗುತ್ತವೆ. ಎರಡು ದಿನಗಳೊಳಗೆ ಫಿಟ್ಸ್ ಬರುವ ಸಂಭವವಿರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಹಗಲುರಾತ್ರಿಯ ಗುರುತು ತಪ್ಪಿ, ಇಲ್ಲದ ಹುಳ ಹುಪ್ಪಟೆ ಕಾಣುತ್ತವೆ, ಜ್ವರ ಏರುತ್ತದೆ, ನಾಡಿ ಓಡುತ್ತದೆ. ಚಿಕಿತ್ಸೆ ಸಿಗದೆ ಇದರಲ್ಲಿ ಸತ್ತವರಿದ್ದಾರೆ. ಒಮ್ಮೆ ಸನ್ನಿ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಈ ಸಲ ಮಾಲೆ ಹಾಕುವುದಕ್ಕೆ ಹತ್ತು ದಿನ ಮೊದಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ದು, ವೈದ್ಯರ ಕಣ್ಣೆದುರಿನಲ್ಲೇ ಬಿಡಿಸಿ. ಅಜ್ಜಿಯ ತಾಯಿತ ಕೈಯಲ್ಲಿದ್ದರೆ ಇರಲಿ, ಅದರಿಂದ ತೊಂದರೆಯಿಲ್ಲ.

ಇನ್ನು ನಿಮ್ಮ ಸಿಟ್ಟಿನ ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆ, ನಮ್ಮ ಪಾಠಪುಸ್ತಕಗಳು ಅದನ್ನು ಇಷ್ಟು ನೇರವಾಗಿ ಕೇಳುವುದಿಲ್ಲ. 48 ದಿನ ಬಿಟ್ಟವರಿಗೆ ಇಚ್ಛಾಶಕ್ತಿ ಇದೆ ಎಂಬುದು ನಿಜ. ಆದರೆ ಆ ಮಂಡಲದಲ್ಲಿ ಇಚ್ಛಾಶಕ್ತಿಯೊಂದೇ ಕೆಲಸ ಮಾಡುತ್ತಿರುತ್ತದೆಯೇ ನೋಡಿ. ಅವರ ಬಟ್ಟೆ ಬದಲಾಗಿದೆ, ಬರಿಗಾಲಿನಲ್ಲಿ ನಡೆಯುತ್ತಾರೆ, ನಸುಕಿನಲ್ಲಿ ತಣ್ಣೀರು ಸ್ನಾನ, ಸಂಜೆ ಕುಡಿಯುವ ಹೊತ್ತಿಗೆ ಸರಿಯಾಗಿ ಭಜನೆ, ಸುತ್ತ ವ್ರತದಲ್ಲಿರುವ ಹತ್ತು ಜನ. ದಿನವೂ ಜೊತೆಗೆ ಕುಡಿಯುತ್ತಿದ್ದವನೇ ಬಾರಿನ ಬಾಗಿಲಲ್ಲಿ ಕಂಡರೆ “ಸ್ವಾಮಿ, ನೀವು ಇಲ್ಲಿ?” ಎಂದು ಹಿಂದಕ್ಕೆ ಕಳುಹಿಸುತ್ತಾನೆ. ಕೂಲಿ ಮುಗಿಸಿ ಬಂದವನನ್ನು ವರ್ಷವಿಡೀ ಏಕವಚನದಲ್ಲಿ ಕೂಗುವ ಊರು ಆ 48 ದಿನ ಅವರನ್ನು ಸ್ವಾಮಿ ಎನ್ನುತ್ತದೆ. ವ್ಯಸನವು ಮಿದುಳಿನಲ್ಲಿ ಬರೀ ಮದ್ಯದ ಮೇಲೆ ಕಟ್ಟಿಕೊಂಡಿರುವುದಿಲ್ಲ. ಹೊತ್ತು, ಜಾಗ, ಗೆಳೆಯರು, ಕೈಗೆ ಬಂದ ಬಟವಾಡೆ, ಸಾಲಗಾರನ ಮುಖ, ಇವೆಲ್ಲದರ ಮೇಲೆ ಕಟ್ಟಿಕೊಂಡಿರುತ್ತದೆ. ಇವುಗಳಲ್ಲಿ ಯಾವುದು ಎದುರಾದರೂ ಡೋಪಮಿನ್ ಎಂಬ ರಾಸಾಯನಿಕದ ಮೂಲಕ ‘ಈಗ ಬೇಕು’ ಎಂಬ ಸೆಳೆತ, ಯೋಚನೆಗೆ ಮೊದಲೇ ಎದ್ದುಬಿಡುತ್ತದೆ. ಮಾಲೆ ಈ ಎಲ್ಲ ಸೂಚನೆಗಳನ್ನೂ ಒಟ್ಟಿಗೆ ಮರೆಮಾಡುತ್ತದೆ. ಮಾಲೆ ತೆಗೆದ ಸಂಜೆ ಅವೆಲ್ಲ ಒಟ್ಟಿಗೆ ಹಿಂತಿರುಗುತ್ತವೆ. ಬಡ್ಡಿಯಂತೂ 48 ದಿನ ಹೆಚ್ಚೇ ಬೆಳೆದಿರುತ್ತದೆ. ಸಕ್ಕರೆ ಕಾಯಿಲೆಯವರು ಪಥ್ಯದಲ್ಲಿದ್ದಾಗ ಸಕ್ಕರೆ ಇಳಿದು, ಪಥ್ಯ ಬಿಟ್ಟಾಗ ಏರಿದರೆ ಅದು ಕಾಯಿಲೆಯೇ ಅಲ್ಲ ಎಂದು ಯಾರೂ ಹೇಳುವುದಿಲ್ಲ.

ಆದ್ದರಿಂದ ನನ್ನ ಸಲಹೆ 49ನೆಯ ದಿನದ ಬಗ್ಗೆ. ಯಾತ್ರೆಯಿಂದ ಹಿಂತಿರುಗುವ ಮೊದಲೇ ಮೂರು ವಿಷಯ ತೀರ್ಮಾನವಾಗಿರಲಿ: ಆ ಸಂಜೆ ಅವರು ಎಲ್ಲಿರುತ್ತಾರೆ, ವಾರದ ಬಟವಾಡೆ ಯಾರ ಕೈಗೆ ಬರುತ್ತದೆ, ಸೆಳೆತ ಬಂದಾಗ ಯಾರಿಗೆ ಫೋನು ಮಾಡುತ್ತಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳ ವಿಷಯ ನಿಮಗೆ ತಿಳಿದಿರಬಹುದು. ಶಿಬಿರಕ್ಕಿಂತ ಮುಖ್ಯವಾದದ್ದು ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಎಂಬುದು ನನ್ನ ಅಭಿಪ್ರಾಯ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಮಾಡುವುದು ಇದನ್ನೇ: ಮಾಲೆ ಇಲ್ಲದ ದಿನಗಳಿಗೂ ಜೊತೆಗೊಂದು ಗುಂಪನ್ನು ಕೊಡುವುದು. ಸಾಲದ ಲೆಕ್ಕವನ್ನು ನೀವೂ ತಂದೆಯೂ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ. ಅವರ ಮನಸ್ಸಿನಲ್ಲಿ ತೇಲುತ್ತಿರುವ ಸಾಲಕ್ಕಿಂತ ಹಾಳೆಯ ಮೇಲಿನ ಸಾಲ ಬಹುಮಟ್ಟಿಗೆ ಚಿಕ್ಕದಿರುತ್ತದೆ.

ಕೊನೆಯದಾಗಿ, ಮಗನಾದ ನೀವು ಅವರ ಬಾಟಲಿ ಹುಡುಕುವ, ಜೇಬು ತಡಕುವ ಕೆಲಸ ಮಾಡುತ್ತಿದ್ದರೆ ನಿಲ್ಲಿಸಿ, ನಿಮ್ಮ ಓದು ನೋಡಿಕೊಳ್ಳಿ. ಕುಡಿಯುವವರ ಮನೆಯ ಹಿರಿಮಕ್ಕಳು ಇಪ್ಪತ್ತಕ್ಕೇ ಮನೆಯ ಯಜಮಾನರಾಗಿಬಿಡುತ್ತಾರೆ, ಆ ಭಾರವೂ ದೀರ್ಘಕಾಲದ ಒತ್ತಡವೇ.

ಪ್ರಶ್ನೆ: ನಾನು ಬಸ್ ಚಾಲಕ, ವಯಸ್ಸು 46. ದಿನಕ್ಕೆ ಹದಿನೈದು ಸಿಗರೇಟು. ಟ್ರಾಫಿಕ್ಕಿನ ಟೆನ್ಶನ್ ಕಳೆಯಲು ಬೇರೆ ದಾರಿಯಿಲ್ಲ. ಎರಡು ಸಲ ಬಿಟ್ಟು ನೋಡಿದೆ. ಮೂರನೆಯ ದಿನವೇ ಪ್ರಯಾಣಿಕರ ಮೇಲೆ ಹರಿಹಾಯ್ದೆ. ಬಿಟ್ಟರೆ ಟೆನ್ಶನ್ ಹೆಚ್ಚಾಗುತ್ತದೆ ಎಂದಾದ ಮೇಲೆ ಬಿಡುವುದರಲ್ಲಿ ಅರ್ಥವೇನು?
— ಹಾಸನ

ಉತ್ತರ: ತಮ್ಮ ಅನುಭವ ಸತ್ಯ, ಅದರಿಂದ ತಾವು ತೆಗೆದ ತೀರ್ಮಾನ ಮಾತ್ರ ತಲೆಕೆಳಗಾಗಿದೆ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳನ್ನು ತಲುಪುತ್ತದೆ, ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿಯುತ್ತಿದ್ದಂತೆ ಕಿರಿಕಿರಿ, ಚಡಪಡಿಕೆ ಶುರುವಾಗುತ್ತದೆ. ಮುಂದಿನ ನಿಲ್ದಾಣದಲ್ಲಿ ಹಚ್ಚಿದ ಸಿಗರೇಟು ಆ ಚಡಪಡಿಕೆಯನ್ನು ತಣಿಸಿದಾಗ, ಟ್ರಾಫಿಕ್ಕಿನ ಟೆನ್ಶನ್ ಹೋಯಿತೆಂದು ಅನ್ನಿಸುತ್ತದೆ. ಬಿಗಿಯಾದ ಚಪ್ಪಲಿ ಹಾಕಿಕೊಂಡು ನಡೆದು, ಗಂಟೆಗೊಮ್ಮೆ ಅದನ್ನು ಕಳಚಿ ‘ಆಹಾ’ ಎಂದಂತೆ ಇದು. ಆ ಹೊತ್ತಿಗೆ ನಾಡಿ ಮತ್ತು ರಕ್ತದೊತ್ತಡಗಳು ಏರಿಯೇ ಇರುತ್ತವೆ. ಮನಸ್ಸಿಗೆ ಹಾಯೆನಿಸಿದರೂ ಹೃದಯಕ್ಕೆ ವಿಶ್ರಾಂತಿ ಸಿಕ್ಕಿರುವುದಿಲ್ಲ.

ತಾವು ಎರಡು ಸಲವೂ ಕೈಬಿಟ್ಟದ್ದು ಸರಿಯಾಗಿ ಅತಿ ಕಷ್ಟದ ದಿನ. ನಿಕೋಟಿನ್ ಬಿಟ್ಟಾಗಿನ ಕಿರಿಕಿರಿ ಎರಡು, ಮೂರನೆಯ ದಿನ ತುದಿ ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಅದನ್ನು ದಾಟಿದವರಲ್ಲಿ ಆತಂಕವೂ ಒತ್ತಡವೂ ಸೇದುತ್ತಿದ್ದ ಕಾಲಕ್ಕಿಂತ ಕಡಿಮೆಯಾಗಿರುತ್ತವೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಕಂಡುಬಂದ ಸಂಗತಿ. ಬಿಟ್ಟು ಒಂದು ವರ್ಷವಾದಾಗ ಹೃದಯಾಘಾತದ ಹೆಚ್ಚುವರಿ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಕೂತು ಮಾಡುವ, ಊಟದ ಹೊತ್ತು ತಪ್ಪುವ, ರಾತ್ರಿ ಪಾಳಿಯಿರುವ ಕಸುಬಿನಲ್ಲಿ 46ನೆಯ ವಯಸ್ಸಿಗೆ ಇದು ಸಣ್ಣ ಲಾಭವಲ್ಲ.

ಮೂರನೆಯ ಸಲ ಬರಿಗೈಯಲ್ಲಿ ಬಿಡಬೇಡಿ. ವಾರದ ರಜೆಗೆ ಇನ್ನೆರಡು ದಿನ ಸೇರಿಸಿ, ಬಸ್ಸು ಓಡಿಸದ ಮೂರು ದಿನಗಳನ್ನು ಆರಿಸಿಕೊಳ್ಳಿ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ 4ರದು ಬೇಕಾಗುತ್ತದೆ. ಅದನ್ನು ಚೂಯಿಂಗ್ ಗಮ್ಮಿನಂತೆ ಸತತವಾಗಿ ಜಗಿಯಬಾರದು, ನಾಲ್ಕೈದು ಸಲ ಜಗಿದು ಒಸಡು ಮತ್ತು ಕೆನ್ನೆಯ ನಡುವೆ ಇಟ್ಟುಕೊಳ್ಳಬೇಕು. ಕಾಫಿ ಕುಡಿದು ಕಾಲು ಗಂಟೆಯಾದ ಮೇಲೆ ಹಾಕಿಕೊಳ್ಳಬೇಕು, ಇಲ್ಲವಾದರೆ ಔಷಧಿ ಒಳಗೆ ಹೋಗುವುದಿಲ್ಲ. ಗಮ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹಳ ಮಂದಿ ಅದನ್ನು ಜಗಿದು ನುಂಗಿರುತ್ತಾರೆ. ತಾವು ಕೊಳ್ಳುವ ಪ್ಯಾಕಿನ ಮೇಲೆಯೇ 1800-11-2356 ಎಂಬ ಸಂಖ್ಯೆ ಅಚ್ಚಾಗಿರುತ್ತದೆ, ಅದು ತಂಬಾಕು ಬಿಡಿಸುವ ಉಚಿತ ಸಹಾಯವಾಣಿ. ಸೆಳೆತದ ಅಲೆ ಬಂದಾಗ ಅದು ಕೆಲವೇ ನಿಮಿಷ ಇರುತ್ತದೆ, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತು.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, 52 ವರ್ಷ. ನಮ್ಮ ಅತ್ತೆಯವರಿಗೆ ಮರೆವಿನ ಕಾಯಿಲೆ, ಆರು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಮೂರು ವರ್ಷಗಳ ಹಿಂದೆ ವೈದ್ಯರೊಬ್ಬರು ಹದಿನೈದು ದಿನಕ್ಕೆಂದು ಆತಂಕ ಇಳಿಸಿ ನಿದ್ದೆ ತರುವ ಆಲ್ಪ್ರಜೊಲಾಂ 0.5 ಗುಳಿಗೆ ಬರೆದುಕೊಟ್ಟರು. ಅಂದಿನಿಂದ ಅದೇ ಚೀಟಿ ತೋರಿಸಿ ತರಿಸಿಕೊಳ್ಳುತ್ತಿದ್ದೇನೆ. ಈಗ ಒಂದು ಸಾಲದು, ಎರಡು ಬೇಕು. ಒಂದು ದಿನ ತಪ್ಪಿದರೆ ಟೆನ್ಶನ್ ಏರಿ ಮೈ ಅದುರುತ್ತದೆ. ನಾನು ಕುಡಿಯುವವಳಲ್ಲ, ಸೇದುವವಳಲ್ಲ. ಇದನ್ನೂ ವ್ಯಸನ ಎನ್ನುತ್ತಾರೆಯೇ?
— ಧಾರವಾಡ

ಉತ್ತರ: ಅಮ್ಮಾ, ಹೆಸರು ಏನೇ ಇರಲಿ, ತಮ್ಮ ದೇಹ ಆ ಗುಳಿಗೆಗೆ ಒಗ್ಗಿಹೋಗಿದೆ. ಮೊದಲ ಪತ್ರದ ಉತ್ತರದಲ್ಲಿ ಹೇಳಿದ ಗಾಬಾ ವ್ಯವಸ್ಥೆಯ ಮೇಲೆಯೇ ಈ ಗುಳಿಗೆಯೂ ಕೆಲಸ ಮಾಡುತ್ತದೆ. ಆದ್ದರಿಂದ ಪ್ರಮಾಣ ಏರುತ್ತ ಹೋಗುವುದು, ತಪ್ಪಿದರೆ ಮೈ ಅದುರುವುದು ಕುಡಿತದಲ್ಲಿರುವಂತೆಯೇ ಇಲ್ಲಿಯೂ ಉಂಟು. ತಪ್ಪು ತಮ್ಮದೊಬ್ಬರದೇ ಅಲ್ಲ. ಇದು ವೈದ್ಯರ ಚೀಟಿಯಿಲ್ಲದೆ ಮಾರಬಾರದ, ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ದಾಖಲೆಯಲ್ಲಿ ಬರೆದಿಡಬೇಕಾದ ಪಟ್ಟಿಯ ಔಷಧಿ. ಮೂರು ವರ್ಷದ ಹಳೆಯ ಚೀಟಿಗೆ ಕೊಡುತ್ತ ಬಂದವರದೂ ಪಾಲಿದೆ.

ಇಂದೇ ಎಸೆದುಬಿಡುತ್ತೇನೆ ಎಂಬ ವೀರಾವೇಶ ಮಾತ್ರ ಬೇಡ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮನೋವೈದ್ಯರು ಇದನ್ನು ಹೆಚ್ಚು ಹೊತ್ತು ದೇಹದಲ್ಲಿ ಉಳಿಯುವ ಅದೇ ಜಾತಿಯ ಗುಳಿಗೆಗೆ ಬದಲಾಯಿಸಿ, ಒಂದೆರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ, ತಿಂಗಳುಗಳೇ ಹಿಡಿಯಬಹುದು. ವಯಸ್ಸು ಏರಿದಂತೆ ಈ ಗುಳಿಗೆ ತೂಕಡಿಕೆ, ಮರೆವು, ಬಚ್ಚಲಿನಲ್ಲಿ ಕಾಲು ಜಾರಿ ಮೂಳೆ ಮುರಿಯುವ ಅಪಾಯಗಳನ್ನು ಹೆಚ್ಚಿಸುತ್ತದೆ ಎಂಬುದನ್ನೂ ನೆನಪಿಡಿ.

ಆದರೆ ತಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗುಳಿಗೆಯಲ್ಲ, “ನಾನೇ” ಎಂಬ ಪದ. ಆರು ವರ್ಷ ಒಂದು ರಾತ್ರಿಯೂ ಎಡೆಬಿಡದೆ ಎದ್ದು ನೋಡುವ ಸೊಸೆ, ಬೆಳಿಗ್ಗೆ ಮಕ್ಕಳಿಗೆ ಮಗ್ಗಿ ಹೇಳಿಸುವ ಶಿಕ್ಷಕಿಯೂ ಆಗಿರುವಾಗ, ನಿದ್ದೆ ಬಾರದಿರುವುದು ರೋಗವಲ್ಲ, ಲೆಕ್ಕ. ಮನೆಯ ಗಂಡಸರು, ನಾದಿನಿಯರು, ಮೈದುನಂದಿರು ವಾರಕ್ಕೆ ಎರಡು ರಾತ್ರಿಯಾದರೂ ಅತ್ತೆಯವರ ಕೋಣೆಯಲ್ಲಿ ಮಲಗಲಿ. ಈ ಮಾತನ್ನು ತಾವು ಕೇಳಲು ಸಂಕೋಚವಾದರೆ ಗುಳಿಗೆ ಇಳಿಸುವ ವೈದ್ಯರ ಬಳಿಗೆ ಪತಿಯನ್ನು ಕರೆದೊಯ್ದು ಅವರಿಂದ ಹೇಳಿಸಿ. ನಮ್ಮ ಮನೆಗಳಲ್ಲಿ ಡಾಕ್ಟರು ಹೇಳಿದ್ದಕ್ಕೆ ಬೆಲೆ ಹೆಚ್ಚು, ದುರದೃಷ್ಟವಶಾತ್. ಅತ್ತೆಯವರಿಗೆ ರಾತ್ರಿ ಎಚ್ಚರವಾಗುವುದಕ್ಕೂ ಚಿಕಿತ್ಸೆಯಿದೆ, ಅವರನ್ನೂ ತೋರಿಸಿ. ರಾತ್ರಿಗಳು ಹಂಚಿಕೆಯಾಗದೆ ಗುಳಿಗೆಯೊಂದನ್ನೇ ಇಳಿಸಿದರೆ ಅದು ಮರಳಿ ಬರುತ್ತದೆ.

ಪ್ರಶ್ನೆ: ಅಡಿಕೆ ಬೆಳೆಗಾರ. ಕೊಳೆರೋಗ, ದರದ ಏರಿಳಿತ ಎಂದು ಮಳೆಗಾಲವಿಡೀ ಟೆನ್ಶನ್, ದಿನಕ್ಕೆ ಹದಿನೆಂಟು ಇಪ್ಪತ್ತು ಕವಳ ಆಗುತ್ತದೆ. ತಂಬಾಕು ಬಿಟ್ಟು ಎರಡು ವರ್ಷವಾಯಿತು, ಈಗ ಬರೀ ಎಲೆ, ಅಡಿಕೆ, ಸುಣ್ಣ. ಇದರಿಂದ ತೊಂದರೆಯಿಲ್ಲವಲ್ಲ? ಇತ್ತೀಚೆಗೆ ಖಾರ ತಿಂದರೆ ಬಾಯಿ ಉರಿಯುತ್ತದೆ.
— ಶಿರಸಿ

ಉತ್ತರ: ತಂಬಾಕು ಬಿಟ್ಟದ್ದಕ್ಕೆ ಅಭಿನಂದನೆ. ಬೆಳೆಯುವವರಿಗೆ ಈ ಮಾತು ಕಹಿಯೆನಿಸಬಹುದು, ಆದರೂ ಹೇಳಬೇಕು: ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮದುವೆ ಮನೆಯಲ್ಲಿ ಹಾಕಿಕೊಂಡ ಒಂದು ಕವಳದ ಪ್ರಶ್ನೆಯಲ್ಲ ಇದು. ದಿನಕ್ಕೆ ಇಪ್ಪತ್ತರ ಪ್ರಶ್ನೆ. ಅಡಿಕೆಯಲ್ಲಿರುವ ಅರಿಕೋಲಿನ್ ಮೈ ಬೆಚ್ಚಗಾಗಿಸಿ ಮನಸ್ಸನ್ನು ಚುರುಕುಗೊಳಿಸುವುದರಿಂದ ಅದಕ್ಕೂ ದೇಹ ಒಗ್ಗುತ್ತದೆ. ಮಳೆಗಾಲದಲ್ಲಿ ಎಣಿಕೆ ಏರುವುದಕ್ಕೆ ಚಿಂತೆಯ ಜೊತೆಗೆ ಇದೂ ಕಾರಣ.

ಖಾರಕ್ಕೆ ಬಾಯಿ ಉರಿಯುವುದನ್ನು ಹುಣ್ಣೆಂದು ತಿಳಿದು ಮುಲಾಮು ಹಚ್ಚುತ್ತ ಕೂರಬೇಡಿ. ಬಾಯಿಯ ಒಳಪದರ ಗಡುಸಾಗಿ, ದವಡೆ ತೆರೆಯಲಾಗದಂತೆ ಮಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ತೊಂದರೆಯ ಮೊದಲ ಲಕ್ಷಣ ಸಾಮಾನ್ಯವಾಗಿ ಈ ಉರಿಯೇ. ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಗಡುಸಾದ ಪದರ ಪೂರ್ತಿ ಮೊದಲಿನಂತಾಗುವುದು ಕಷ್ಟವಾದರೂ ಕವಳ ನಿಲ್ಲಿಸಿದರೆ ಮುಂದುವರಿಯುವುದನ್ನು ತಡೆಯುವ ಅವಕಾಶ ಚೆನ್ನಾಗಿದೆ. ಕನ್ನಡಿಯೆದುರು ನಿಂತು ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಯದಿದ್ದರೆ ಈ ವಾರವೇ, ಹಿಡಿದರೂ ಈ ತಿಂಗಳೊಳಗೆ, ಹತ್ತಿರದ ದಂತವೈದ್ಯರಿಗೆ ಬಾಯಿ ತೋರಿಸಿ.